ಹೊರಗೆ ಹುಟ್ಟಿದರೆ ನಮ್ಮವರಲ್ಲವೇ?

2022ರ ಕತಾರ್ ವಿಶ್ವಕಪ್‌ಗೆ ಮುನ್ನ ಮೊರಾಕೊದ ಫುಟ್ಬಾಲ್ ಅಭಿಮಾನಿಗಳಲ್ಲಿ ಒಂದು ತಕರಾರಿತ್ತು: ಹೊರದೇಶದಲ್ಲಿ ಹುಟ್ಟಿದ ಹುಡುಗರು ನಮ್ಮ ಬಾವುಟಕ್ಕಾಗಿ ಮನಸ್ಸಿಟ್ಟು ಆಡ್ತಾರಾ? 26 ಮಂದಿಯ ತಂಡದಲ್ಲಿ 14 ಆಟಗಾರರು ಹೊರಗೆ ಹುಟ್ಟಿದವರು. ಕೋಚ್ ವಲೀದ್ ರೆಗ್ರಾಗಿ ಹುಟ್ಟಿದ್ದೂ ಫ್ರಾನ್ಸಿನಲ್ಲಿ.

ಉತ್ತರ ಮೈದಾನದಲ್ಲೇ ಸಿಕ್ಕಿತು. ಬೆಲ್ಜಿಯಂ 2-0ರಿಂದ ಸೋತಿತು. ಸ್ಪೇನ್ ವಿರುದ್ಧ ಶೂಟೌಟ್‌ನಲ್ಲಿ ಗೆಲುವಿನ ಪೆನಾಲ್ಟಿ ಹೊಡೆದದ್ದು ಅಶ್ರಫ್ ಹಕೀಮಿ. ಅವರು ಹುಟ್ಟಿದ್ದು ಸ್ಪೇನಿನ ಮ್ಯಾಡ್ರಿಡ್‌ನಲ್ಲೇ! ಅಲ್ಲಿ ಅವರ ಉಮ್ಮ ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದವರು. ಮುಂದೆ ಪೋರ್ಚುಗಲನ್ನೂ 1-0ರಿಂದ ಮಣಿಸಿದ ಮೊರಾಕೊ, ವಿಶ್ವಕಪ್ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ಹಾಗೂ ಅರಬ್ ತಂಡವಾಯಿತು. ಅಂದು ಸೋಫಿಯಾನ್ ಬೂಫಾಲ್ ಮೈದಾನದಲ್ಲೇ ಉಮ್ಮನ ಕೈಹಿಡಿದು ಕುಣಿದರು. ಫ್ರಾನ್ಸ್ ಎದುರು 2-0ರಿಂದ ಸೋತು ಕೊನೆಗೆ ಸಿಕ್ಕಿದ್ದು ನಾಲ್ಕನೇ ಸ್ಥಾನ. ಆದರೆ ಹುಡುಗರ ಮನಸ್ಸು ಎಲ್ಲಿದೆ ಅಂತ ಲೋಕವೇ ನೋಡಿತ್ತು.

ಗಲ್ಫ್‌ನಲ್ಲಿ ಹುಟ್ಟಿ ಬೆಳೆಯುವ ನಮ್ಮ ಮಕ್ಕಳ ಬಗ್ಗೆಯೂ ನಾವು ಹೀಗೇ ಕೇಳ್ತೇವೆ: ಇವರಿಗೆ ಊರಿನ ಮೇಲೆ ಪ್ರೀತಿ ಉಂಟಾ, ಬ್ಯಾರಿ ಮಾತಾಡ್ಲಿಕ್ಕೆ ಬರ್ತದಾ? ರಜೆಯಲ್ಲಿ ಬಂದ ಮಗು ತಪ್ಪು ತಪ್ಪಾಗಿ ಮಾತಾಡಿದರೆ ನಗುವುದು ಬೇಡ. ಹತ್ತಿರ ಕೂರಿಸಿ ನಾಲ್ಕು ಮಾತು ಕಲಿಸೋಣ. ಮನೆಯಲ್ಲಿ ಉಮ್ಮನ ಭಾಷೆ ಉಳಿದರೆ, ಮಕ್ಕಳ ಮನಸ್ಸಲ್ಲಿ ಊರೂ ಉಳೀತದೆ.