ಪೋಡಿನ ಮಕ್ಕಳಿಗೊಂದು ಶಾಲೆ

ಯಳಂದೂರಿನಿಂದ ಹೊರಟ ಬಸ್ಸು ಗುಂಬಳ್ಳಿ ದಾಟಿದ ಮೇಲೆ ಅರಣ್ಯ ಇಲಾಖೆಯ ಗೇಟಿನ ಮುಂದೆ ಒಂದು ಗಳಿಗೆ ನಿಲ್ಲುತ್ತದೆ. ಅಲ್ಲಿಂದಾಚೆ ಬಿಳಿಗಿರಿರಂಗನ ಬೆಟ್ಟ. ಬಯಲಿನ ಕಬ್ಬು, ತೆಂಗು ಹಿಂದುಳಿದು, ಬಿದಿರು ಮೆಳೆ ಮತ್ತು ಲಂಟಾನದ ಪೊದೆ ರಸ್ತೆಯ ಎರಡೂ ಬದಿಗೆ ಒತ್ತಿಕೊಂಡು ಬರುತ್ತವೆ. ತಿರುವಿನಲ್ಲಿ ಆನೆ ಲದ್ದಿ ಬಿದ್ದಿದ್ದರೆ ಚಾಲಕ ಅದು ಹಸಿಯೋ ಒಣಗಿದೆಯೋ ಎಂದು ಕಣ್ಣಲ್ಲೇ ಅಳೆಯುತ್ತಾನೆ. ಕತ್ತಲಾದರೆ ಗೇಟು ಮುಚ್ಚುತ್ತದೆ. ಬೆಟ್ಟದ ಮೇಲೆ ಶಾಲೆ ನಡೆಸುವ ಕಷ್ಟ ಏನೆಂಬುದನ್ನು ಈ ಗೇಟೇ ಹೇಳಿಬಿಡುತ್ತದೆ. ಮೇಷ್ಟ್ರು ಬೆಳಿಗ್ಗೆ ಬಂದು, ಪಾಠ ಮುಗಿಸಿ, ಸಂಜೆ ಊರಿಗಿಳಿಯುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಲಿಸುವವರು ಮಕ್ಕಳ ಜೊತೆಗೇ ಬದುಕಬೇಕು.

ಹಾಗೆ ಬದುಕಲು ಬಂದವರಿಂದ ಹುಟ್ಟಿದ್ದು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ. ಚಾಮರಾಜನಗರ ಜಿಲ್ಲೆಯ ಈ ಬೆಟ್ಟದಲ್ಲಿ 1981ರಲ್ಲಿ ಅದನ್ನು ಕಟ್ಟಿದವರು ಡಾ. ಎಚ್. ಸುದರ್ಶನ್. ನಾಲ್ಕು ದಶಕ ದಾಟಿದ ಈ ಸಂಸ್ಥೆಯ ಆಸ್ಪತ್ರೆಯ ಬಗ್ಗೆ ಹಲವರಿಗೆ ಗೊತ್ತು. ಅದರ ಶಾಲೆಯ ಬಗ್ಗೆ ಗೊತ್ತಿರುವವರು ಕಡಿಮೆ. ಗುಡ್ಡಗಾಡಿನಲ್ಲಿ ಧರ್ಮಾರ್ಥ ಶಾಲೆಯೊಂದನ್ನು ತೆರೆಯಬೇಕು ಎಂಬ ಆಸೆ ಹೊತ್ತವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಂಥವರು ಮೊದಲು ನೋಡಬೇಕಾದ ಜಾಗ ಇದು.

ಮೊದಲು ಔಷಧಿ, ಆಮೇಲೆ ಅಕ್ಷರ

ಸೋಲಿಗರು ಈ ಕಾಡಿನ ಮೂಲನಿವಾಸಿಗಳು. ತಾವು ಬಿದಿರಿನಿಂದ ಬಂದವರು ಎಂಬುದು ಅವರ ನಂಬಿಕೆ. ಬೆಟ್ಟದ ರಂಗನಾಥ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದನಂತೆ. ಆದ್ದರಿಂದ ದೇವರು ಅವರಿಗೆ ‘ರಂಗಭಾವ’. ಬೇಸಾಯದ ಜಾಗವನ್ನು ಬದಲಿಸುತ್ತ ರಾಗಿ, ಅವರೆ, ಸಾಸಿವೆ, ಕುಂಬಳ ಬೆಳೆಯುತ್ತಿದ್ದ, ಜೇನು ಮತ್ತು ನೆಲ್ಲಿಕಾಯಿ ಕೊಯ್ಯುತ್ತಿದ್ದ ಜನ ಅವರು. 1974ರಲ್ಲಿ ಇಲ್ಲಿ ವನ್ಯಜೀವಿಧಾಮ ಘೋಷಣೆಯಾಯಿತು. ಕಾಡಿನೊಳಗಿದ್ದ ಅನೇಕ ಕುಟುಂಬಗಳು ಹಳೆಯ ನೆಲೆ ಬಿಟ್ಟು ರಸ್ತೆ ಬದಿಯ, ಕಾಡಂಚಿನ ಪೋಡುಗಳಿಗೆ ಬರಬೇಕಾಯಿತು. ಪೋಡು ಎಂದರೆ ಅವರ ಹಾಡಿ, ಅವರ ಊರು. ಹಳೆಯ ಬೇಸಾಯ ನಿಂತಿತು. ಹೊಸ ಬದುಕಿಗೆ ಬೇಕಾದ ಓದು, ಲೆಕ್ಕ, ಕಾಗದಪತ್ರ ಯಾವುದೂ ಕೈಯಲ್ಲಿರಲಿಲ್ಲ.

ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ ಓದಿ, ರಾಮಕೃಷ್ಣ ಮಿಷನ್ನಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ್ದ ಸುದರ್ಶನ್ ಬೆಟ್ಟಕ್ಕೆ ಬಂದದ್ದು ವೈದ್ಯರಾಗಿ. ಮೊದಮೊದಲು ಹೊರಗಿನವರನ್ನು ಕಂಡರೆ ಪೋಡಿನ ಜನ ಹತ್ತಿರ ಸುಳಿಯುತ್ತಿರಲಿಲ್ಲ. ಜ್ವರಕ್ಕೆ, ಗಾಯಕ್ಕೆ, ಹೆರಿಗೆಗೆ ಡಾಕ್ಟರು ಮನೆ ಬಾಗಿಲಿಗೇ ನಡೆದು ಬಂದ ಮೇಲೆ ನಂಟು ಬೆಳೆಯಿತು. ಶಾಲೆಯ ಅಡಿಗಲ್ಲು ಅಲ್ಲಿದೆ. ತನ್ನ ಕೂಸಿನ ಜ್ವರ ಇಳಿಸಿದವರ ಕೈಗೆ ತಾಯಿ ಆ ಕೂಸನ್ನು ಓದಲು ಕಳಿಸುತ್ತಾಳೆ. ಅಪರಿಚಿತರು ಕಟ್ಟಿದ ಕಟ್ಟಡ ಎಷ್ಟೇ ಚೆಂದವಿರಲಿ, ಅಲ್ಲಿಗೆ ಕಳಿಸಲಾರಳು. ಗುಡಿಸಲಿನಲ್ಲಿ, ಬೆರಳೆಣಿಕೆಯ ಮಕ್ಕಳೊಂದಿಗೆ ಆರಂಭವಾದ ಪಾಠ ಮುಂದೆ ವಸತಿಶಾಲೆಯಾಯಿತು, ಹತ್ತನೇ ತರಗತಿಯವರೆಗೆ ಬೆಳೆಯಿತು.

ಆರೋಗ್ಯಕ್ಕೂ ಶಾಲೆಗೂ ಇರುವ ನಂಟು ಇಲ್ಲಿ ಇನ್ನೂ ಆಳವಾದದ್ದು. ಸೋಲಿಗರಲ್ಲಿ ಸಿಕಲ್ ಸೆಲ್ ಅನೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇದೆ. ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಮೈಕೈ ನೋವು ತರುತ್ತದೆ. ಚಳಿ, ನೀರಡಿಕೆ, ಅತಿಯಾದ ದಣಿವು ಇವು ಆ ನೋವನ್ನು ಕೆರಳಿಸುತ್ತವೆ. ಬೆಳಗಿನ ಪ್ರಾರ್ಥನೆಯಲ್ಲಿ ಕುಸಿದು ಕೂತ ಹುಡುಗನನ್ನು ಸೋಮಾರಿ ಎಂದು ಗದರುವ ಮೊದಲು ಅವನ ರಕ್ತಪರೀಕ್ಷೆಯ ಚೀಟಿ ನೋಡಿರಬೇಕು. ಬೆಟ್ಟದ ಶಾಲೆಯ ಯೋಜನೆಯಲ್ಲಿ ಕಂಬಳಿ, ಸ್ವೆಟರು, ಬಿಸಿನೀರಿನ ಖರ್ಚು ಹಲಗೆ, ಬಳಪದ ಖರ್ಚಿಗಿಂತ ಮೊದಲು ಬರುವುದು ಇದಕ್ಕೇ.

ದಾರಿ, ಅನ್ನ, ಹಾಸಿಗೆ

ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಒಂದರಿಂದ ಐದನೇ ತರಗತಿಯ ಮಗುವಿಗೆ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟನೆಯದಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಬಯಲಿನಲ್ಲಿ ಮೂರು ಕಿಲೋಮೀಟರ್ ಎಂದರೆ ಸೈಕಲ್ಲಿನ ದಾರಿ. ಪುರಾಣಿ ಪೋಡಿನಂಥ ದೂರದ ಪೋಡಿನಿಂದ ನಡೆಯುವ ಮಗುವಿಗೆ ಅದೇ ದೂರ ಹಳ್ಳ, ಏರು, ಆನೆದಾರಿ. ಮಂಜು ಕವಿದ ಬೆಳಿಗ್ಗೆ ಪೋಡಿನ ತುದಿಯಲ್ಲಿ ಚೀಲ ಎದೆಗವುಚಿ ನಿಂತ ಮಕ್ಕಳು ದೊಡ್ಡವರೊಬ್ಬರು ಮುಂದೆ ನಡೆಯುವವರೆಗೆ ಹೆಜ್ಜೆ ಕೀಳುವುದಿಲ್ಲ. ಮುಂದೆ ಹೋಗುವವರು ಕೂಗು ಹಾಕುತ್ತ, ಮೂಗೆತ್ತಿ ವಾಸನೆ ಹಿಡಿಯುತ್ತ ಹೋಗುತ್ತಾರೆ. ಆ ದಿನ ಅಪ್ಪನಿಗೆ ಕೂಲಿ ಇದ್ದರೆ, ಮಗುವಿಗೆ ಶಾಲೆ ಇಲ್ಲ.

ಕಾಡಿನ ವರ್ಷಕ್ಕೂ ಶಾಲೆಯ ವರ್ಷಕ್ಕೂ ತಾಳೆಯಾಗುವುದಿಲ್ಲ. ಬೇಸಿಗೆಯಲ್ಲಿ ಜೇನು, ಚಳಿಗಾಲದಲ್ಲಿ ನೆಲ್ಲಿಕಾಯಿ, ಅದೇ ಸುಮಾರಿಗೆ ತೋಟಗಳಲ್ಲಿ ಕಾಫಿ ಕೊಯ್ಲು. ಇಡೀ ಸಂಸಾರ ವಾರಗಟ್ಟಲೆ ಕಾಡಿಗೋ ತೋಟಕ್ಕೋ ಹೋದಾಗ ಮನೆಯಲ್ಲಿ ಮಗುವಿಗೆ ಅನ್ನ ಹಾಕುವವರಿರುವುದಿಲ್ಲ. ಮಗುವೂ ಜೊತೆಗೆ ಹೋಗುತ್ತದೆ. ಹಿಂತಿರುಗಿ ಬರುವಷ್ಟರಲ್ಲಿ ಪಾಠ ಎಲ್ಲೋ ಮುಂದೆ ಹೋಗಿರುತ್ತದೆ. ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆದರೆ ಅದಕ್ಕೆ ಉತ್ತರ ಸಿಕ್ಕಂತಾಗುವುದಿಲ್ಲ. ಆದ್ದರಿಂದಲೇ ಇಲ್ಲಿ ತರಗತಿಯ ಜೊತೆಗೆ ಹಾಸ್ಟೆಲ್ ಬೇಕಾಯಿತು. ಬಿಸಿ ಮುದ್ದೆ, ಸೊಪ್ಪಿನ ಸಾರು, ರಾತ್ರಿ ಮಲಗಲು ಸೋರದ ಸೂರು ಇವು ಶಾಲೆಯ ಭಾಗವೇ ಆದವು. ಹೆಣ್ಣುಮಕ್ಕಳ ಕೋಣೆಗೆ ಗಟ್ಟಿ ಚಿಲಕ, ಹತ್ತಿರದಲ್ಲೇ ಶೌಚಾಲಯ, ರಾತ್ರಿ ಕೂಗಿದರೆ ಓಗೊಡುವ ಹೆಂಗಸೊಬ್ಬರು ಇಲ್ಲದಿದ್ದರೆ ಏಳನೇ ತರಗತಿ ದಾಟುವ ಮೊದಲೇ ಅವರು ಮನೆಗೆ ಮರಳುತ್ತಾರೆ.

ಯಾರ ಮಾತಿನಲ್ಲಿ ಪಾಠ?

ಸೋಲಿಗರ ಮಾತು ಕನ್ನಡಕ್ಕೆ ಹತ್ತಿರದ್ದು, ಆದರೆ ಪಠ್ಯಪುಸ್ತಕದ ಕನ್ನಡವಲ್ಲ. ಮನೆಯಲ್ಲಿ ಒಂದು ಮಾತು, ಹಲಗೆಯ ಮೇಲೆ ಇನ್ನೊಂದು. ಪೇಟೆಯಿಂದ ಬಂದ ಶಿಕ್ಷಕರಿಗೆ ಮೊದಲ ವರ್ಷ ಮಗು ಮೂಗನಂತೆ ಕಾಣುತ್ತದೆ. ಅದೇ ಮಗು ಕಾಡಿನಲ್ಲಿ ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿಜೇನು ಎಂದು ನಾಲ್ಕು ಬಗೆಯನ್ನು ಬೇರೆ ಮಾಡಿ ಹೇಳುತ್ತದೆ; ಯಾವುದು ಬಂಡೆಯಲ್ಲಿ, ಯಾವುದು ಪೊಟರೆಯಲ್ಲಿ ಎಂದು ತೋರಿಸುತ್ತದೆ. ಅದು ಜೀವಶಾಸ್ತ್ರವೇ. ಸೋಲಿಗರ ಮಾತು ಬಲ್ಲ, ಆದರೆ ಓದಿ ಬಂದ ಅದೇ ಪೋಡಿನ ಯುವಕ ಅಥವಾ ಯುವತಿ ತರಗತಿಯಲ್ಲಿದ್ದರೆ ಆ ಅರಿವಿನಿಂದ ಪುಸ್ತಕದ ಕನ್ನಡಕ್ಕೆ ಸೇತುವೆ ಕಟ್ಟಬಹುದು.

ಬೆಟ್ಟದ ಶಾಲೆಗಳಿಗೆ ಇನ್ನೊಂದು ತೊಡಕಿದೆ. ಪೋಡು ಚಿಕ್ಕದು, ಮಕ್ಕಳು ಕಡಿಮೆ, ಬೇರೆ ಬೇರೆ ತರಗತಿಯವರು ಒಂದೇ ಕೋಣೆಯಲ್ಲಿರುತ್ತಾರೆ. ಇದಕ್ಕೆ ನಮ್ಮದೇ ನಾಡಿನ ಉತ್ತರ ‘ನಲಿ-ಕಲಿ’. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದ ನಮ್ಮ ಸರ್ಕಾರಿ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದನ್ನು ಆರಂಭಿಸಿದರು. ಪಾಠವನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಒಡೆದು, ಮಗು ತನ್ನ ಮೆಟ್ಟಿಲನ್ನು ತಾನೇ ಏರುವ ವಿಧಾನ ಅದು. ಎರಡು ವಾರ ನೆಲ್ಲಿಕಾಯಿ ಕೊಯ್ಯಲು ಹೋಗಿ ಬಂದ ಹುಡುಗಿ ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದು. ಕಾಡಿನ ಮಗುವಿಗೆ ಇದಕ್ಕಿಂತ ಒಗ್ಗುವ ಪದ್ಧತಿ ನನಗೆ ಕಂಡಿಲ್ಲ.

ಓದು ಬದುಕಿಗೆ ತಾಕುವುದು ತಕ್ಕಡಿಯ ಮುಂದೆ. ಕೊಯ್ದ ಕಿರು ಅರಣ್ಯ ಉತ್ಪನ್ನವನ್ನು ಸೋಲಿಗರು ಲ್ಯಾಂಪ್ಸ್ ಸಹಕಾರ ಸಂಘಕ್ಕೆ ಕೊಡುತ್ತಾರೆ. ತೂಕದ ಮುಳ್ಳು ಓದಲು, ಕಿಲೋ ದರದಿಂದ ಗುಣಿಸಲು, ಕೊಟ್ಟ ಚೀಟಿಯನ್ನು ಮತ್ತೊಮ್ಮೆ ನೋಡಿ ‘ಸರಿಯಿದೆಯಾ?’ ಎಂದು ಕೇಳಲು ಆರನೇ ತರಗತಿಯ ಹುಡುಗಿಯೊಬ್ಬಳು ಸಾಕು. ಅವಳು ಅಪ್ಪನ ಪಕ್ಕದಲ್ಲಿ ನಿಂತರೆ ಅಪ್ಪ ನಿಲ್ಲುವ ನಿಲುವೇ ಬೇರೆಯಾಗುತ್ತದೆ.

ನೆಲ, ಕಾಗದ, ಹಣ

ಇಂಥ ಶಾಲೆ ಕಟ್ಟಹೊರಟವರು ಕಾನೂನಿನ ದಾರಿಯನ್ನೂ ತಾಳ್ಮೆಯಿಂದ ನಡೆಯಬೇಕು. ಟ್ರಸ್ಟ್ ಆಗಿಯೋ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವಾಗಿಯೋ ನೋಂದಣಿ ಆಗಬೇಕು. ಶಾಲೆಗೆ ಶಿಕ್ಷಣ ಇಲಾಖೆಯ ಮಾನ್ಯತೆ ಬೇಕು. ನೆಲದ ವಿಷಯದಲ್ಲಿ ಹೆಚ್ಚು ಎಚ್ಚರ ಅಗತ್ಯ. ಅರಣ್ಯಭೂಮಿಯಲ್ಲಿ ಕಟ್ಟಡ ಕಟ್ಟಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರದ ಒಪ್ಪಿಗೆ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಶಾಲೆ, ಅಂಗನವಾಡಿಗಳಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ ಬಿಟ್ಟುಕೊಡಲು ಅವಕಾಶ ಮಾಡಿದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಇರಲೇಬೇಕು. ಆದರೆ ಆ ಅನುಕೂಲ ಸರ್ಕಾರ ನಡೆಸುವ ಸೌಲಭ್ಯಗಳಿಗೆ ಮಾತ್ರ. ಸಂಘ ಸಂಸ್ಥೆಗಳು ಕಂದಾಯ ಭೂಮಿಯನ್ನೋ ಖಾಸಗಿ ನೆಲವನ್ನೋ ಹುಡುಕಬೇಕು. ಹುಡುಕುವಾಗ ಮೊದಲು ಕೇಳಬೇಕಾದದ್ದು ಬೇಸಿಗೆಯಲ್ಲಿ ಅಲ್ಲಿ ನೀರು ನಿಲ್ಲುತ್ತದೆಯೇ ಎಂದು. ಎರಡನೆಯದು, ಅದು ಆನೆ ಓಡಾಡುವ ದಾರಿಯೇ ಎಂದು. ಎರಡಕ್ಕೂ ಸರಿಯಾದ ಉತ್ತರ ನಕಾಶೆಯಲ್ಲಿರುವುದಿಲ್ಲ. ಪೋಡಿನ ಯಜಮಾನರಿಗೆ ಗೊತ್ತಿರುತ್ತದೆ.

ಹಣದ ವಿಷಯಕ್ಕೆ ಬಂದರೆ, ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ. ಗೋಡೆಯ ಮೇಲೆ ಹೆಸರು ಕೆತ್ತಿಸಬಹುದು. ಅಡುಗೆಯವರ ಸಂಬಳ, ಸೌದೆ, ಅಕ್ಕಿ, ರಾತ್ರಿ ಜೀಪಿನ ಡೀಸೆಲ್ ಇವಕ್ಕೆ ಹೆಸರು ಕೆತ್ತಿಸಲಾಗುವುದಿಲ್ಲ. ಆದರೆ ಶಾಲೆ ಮುಚ್ಚಿಹೋಗುವುದು ಇವಿಲ್ಲದಾಗಲೇ. ಆದ್ದರಿಂದ ಮೊದಲ ಇಟ್ಟಿಗೆ ಇಡುವ ಮುನ್ನ ಮೂರು ವರ್ಷದ ಊಟ ಮತ್ತು ಸಂಬಳಕ್ಕಾಗುವಷ್ಟು ಹಣ ಠೇವಣಿಯಲ್ಲಿರಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಬೆಟ್ಟದ ಈ ಸಂಸ್ಥೆ ಸರ್ಕಾರದ ಅನುದಾನ, ದಾನಿಗಳ ನೆರವು ಎರಡನ್ನೂ ನೆಚ್ಚಿದೆ. ಜೊತೆಗೆ ‘ಗೊರುಕನ’ ಎಂಬ ಅತಿಥಿಗೃಹದ ಆದಾಯವೂ ಅದರ ಕೆಲಸಕ್ಕೆ ಬೆನ್ನಾಗಿದೆ. 1994ರಲ್ಲಿ ಸುದರ್ಶನ್ ಅವರಿಗೂ ಸಂಸ್ಥೆಗೂ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿ ಬಂತು, 2000ದಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿಗೂ ಮೊದಲು ಹದಿಮೂರು ವರ್ಷ ಇಲ್ಲಿ ಒಲೆ ಉರಿದಿತ್ತು ಎಂಬುದನ್ನು ನೆನಪಿಡಬೇಕು.

ಮರಳಿ ಬಂದವರು

ಆದಿವಾಸಿ ಮಕ್ಕಳ ಶಾಲೆಗಳ ಮೇಲೆ ಒಂದು ಗಂಭೀರ ದೂರಿದೆ. ಓದಿದ ಮಗು ತನ್ನವರನ್ನು ಕಂಡು ನಾಚುತ್ತದೆ, ಮನೆಯ ಮಾತು ಮರೆಯುತ್ತದೆ, ಕಾಡಿಗೂ ಪೇಟೆಗೂ ಸಲ್ಲದೆ ಉಳಿಯುತ್ತದೆ ಎಂಬುದು. ದೂರು ನಿಜ. ಹಾಸ್ಟೆಲ್ ಮಗುವನ್ನು ಉಳಿಸುವಷ್ಟೇ ಸುಲಭವಾಗಿ ಮನೆಯಿಂದ ದೂರವೂ ಮಾಡಬಲ್ಲದು. ರೊಟ್ಟಿ ಹಬ್ಬಕ್ಕೆ ರಜೆ ಕೊಡದ ಶಾಲೆ, ಅಜ್ಜಿಯ ಹಾಡಿಗೆ ಜಾಗವಿಲ್ಲದ ಶಾಲೆ ಆ ತಪ್ಪನ್ನು ದಿನವೂ ಮಾಡುತ್ತಿರುತ್ತದೆ. ಸೋಲಿಗರ ಹಾಡು, ಕುಣಿತ, ಗಿಡಮೂಲಿಕೆಯ ಅರಿವನ್ನು ಪಾಠದೊಳಗೆ ತರಲು, ಓದಿನ ಜೊತೆ ಕೈಕಸುಬು ಕಲಿಸಲು ಈ ಕೇಂದ್ರ ಶ್ರಮಿಸಿದ್ದು ಆ ಭಯವನ್ನು ಅರಿತೇ.

ಶಾಲೆ ಗೆದ್ದಿತೇ ಎಂದು ನೋಡಲು ನಾನು ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯ ಬದಲು ಬೇರೆರಡು ಕಡೆ ನೋಡುತ್ತೇನೆ. ಒಂದು, ಆಸ್ಪತ್ರೆಯ ಬಾಗಿಲಲ್ಲಿ. ಸೋಲಿಗ ಹೆಣ್ಣುಮಕ್ಕಳಿಗೆ ಎ.ಎನ್.ಎಂ. ತರಬೇತಿ ಕೊಟ್ಟು ದಾದಿಯರನ್ನಾಗಿ ಮಾಡುವ ಕೆಲಸ ಇಲ್ಲಿ ನಡೆದಿದೆ. ಹೆರಿಗೆ ನೋವಿನಲ್ಲಿ ಬಂದವಳಿಗೆ ಅವಳದೇ ಮಾತಿನಲ್ಲಿ ‘ಹೆದರಬೇಡ’ ಎನ್ನಲು ಈಗ ಒಬ್ಬಳಿದ್ದಾಳೆ. ಇನ್ನೊಂದು, ಗ್ರಾಮಸಭೆಯಲ್ಲಿ. 2006ರಲ್ಲಿ ಕಿರು ಅರಣ್ಯ ಉತ್ಪನ್ನ ಕೊಯ್ಯುವುದಕ್ಕೆ ಇಲ್ಲಿ ತಡೆ ಬಿದ್ದಾಗ ಸೋಲಿಗರು ಕಾನೂನಿನ ದಾರಿಯಲ್ಲೇ ನಿಂತರು. ಯುವಕರು ಹಿರಿಯರ ಜೊತೆ ಕಾಡು ಸುತ್ತಿ, ತಮ್ಮ ನೂರಾರು ಪವಿತ್ರ ತಾಣಗಳನ್ನು ನಕಾಶೆಗೆ ಇಳಿಸಿದರು. ಅರ್ಜಿಗಳನ್ನು ಬರೆದರು. ಕಾಡು ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹಿರಿಯರಿಗೆ ಕಾಡು ಗೊತ್ತಿತ್ತು, ಕಿರಿಯರಿಗೆ ಬರವಣಿಗೆ ಗೊತ್ತಿತ್ತು. ಎರಡೂ ಕೂಡಿದ್ದರಿಂದ ಹಕ್ಕು ಕೈಸೇರಿತು.

ಸೋಲಿಗರು ಜೇನು ಇಳಿಸಿದಾಗ ಹುಲಿಗೆಂದು ಒಂದು ಪಾಲನ್ನು ನೆಲದ ಮೇಲೆ ಬಿಡುತ್ತಾರೆ. ಹುಲಿ ಮರ ಹತ್ತಿ ಜೇನು ಕೀಳಲಾರದಲ್ಲ, ಅದಕ್ಕೆ. ಇಷ್ಟು ಯೋಚಿಸಿ ಹಂಚಿಕೊಳ್ಳುವ ಜನರ ನಡುವೆ ಶಾಲೆ ತೆರೆಯಲು ಹೋಗುವವರು ತಾವು ಕೊಡಲಷ್ಟೇ ಬಂದವರು ಎಂದುಕೊಳ್ಳಬಾರದು. ಅಂಥ ಆಸೆಯಿರುವ ಗೆಳೆಯರಿಗೆ ನಾನು ಹೇಳುವುದು ಇಷ್ಟೇ: ನಕ್ಷೆ ಬರೆಸುವ ಮೊದಲು ಒಂದು ವರ್ಷ ಅಲ್ಲಿ ಇದ್ದು ಬನ್ನಿ. ಒಂದು ಜೇನುಗಾಲ, ಒಂದು ಮಳೆಗಾಲ, ಒಂದು ನೆಲ್ಲಿಕಾಯಿ ಕಾಲ. ಯಾವ ತಿಂಗಳು ಮಕ್ಕಳು ಕಾಣೆಯಾಗುತ್ತಾರೆ, ಯಾವ ಹಳ್ಳ ತುಂಬುತ್ತದೆ, ಯಾವ ಅಜ್ಜಿಯ ಮಾತನ್ನು ಪೋಡು ಕೇಳುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಅಷ್ಟರೊಳಗೆ ಯಾರಾದರೂ ಬಂದು ‘ನಮ್ಮ ಹೈಕಳಿಗೆ ಅಕ್ಷರ ಹೇಳ್ಕೊಡ್ತೀರಾ?’ ಎಂದು ಕೇಳಿದರೆ, ಆ ದಿನ ಅಡಿಪಾಯ ತೋಡಿ.