ರೀಲಿನ ನಾಭಿ: ಸ್ಪೂಲ್ ಟೇಪುಗಳ ಹಬ್ ಅಡಾಪ್ಟರ್ ಕುರಿತು

ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡ ವಿದ್ಯಾರ್ಥಿಗೆ ಆಕರವೆಂದೊಡನೆ ನೆನಪಾಗುವುದು ಶಾಸನ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇದೇ ಸೀಮೆಯಲ್ಲಿದೆ. ಅಲ್ಲಿಯ ಕಲ್ಬರಹವನ್ನು ಓದಲು ಕಣ್ಣು ಮತ್ತು ಲಿಪಿಜ್ಞಾನ ಸಾಕು. ಓಲೆಗರಿಯ ಮಾತೂ ಅಷ್ಟೆ. ಕಳೆದ ಶತಮಾನದ ನಡುಭಾಗದಲ್ಲಿ ಈ ಆಕರಗಳ ಸಾಲಿಗೆ ಕಾಂತಟೇಪು ಸೇರಿತು. ಅದನ್ನು ಓದಬೇಕಾದರೆ ಯಂತ್ರ ಬೇಕು. ಯಂತ್ರ ದೊರೆತರೂ ರೀಲು ಅದರ ಮೇಲೆ ಸರಿಯಾಗಿ ಕೂರಬೇಕು. ಹಾಗೆ ಕೂರಿಸುವ ಸಣ್ಣ ಸಾಧನವೇ ಹಬ್ ಅಡಾಪ್ಟರ್.

ಸಾಹಿತ್ಯದ ವಿದ್ಯಾರ್ಥಿಗೆ ಇದರ ಗೊಡವೆ ಏಕೆ? 1935ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಟೇಪ್ ಯಂತ್ರ ಎರಡನೆಯ ಮಹಾಯುದ್ಧದ ತರುವಾಯ ಜಗತ್ತಿನ ಬಾನುಲಿ ಕೇಂದ್ರಗಳನ್ನು ಹೊಕ್ಕಿತು. ಧಾರವಾಡ ಆಕಾಶವಾಣಿ 1950ರಲ್ಲಿ, ಬೆಂಗಳೂರಿನದು 1955ರಲ್ಲಿ ಆರಂಭವಾದವು. 1963ರಲ್ಲಿ ಫಿಲಿಪ್ಸ್ ಸಂಸ್ಥೆಯ ಕ್ಯಾಸೆಟ್ ಬಂದು ಹಗುರವಾದ ಯಂತ್ರಗಳು ಹರಡುವ ತನಕ ಧ್ವನಿಮುದ್ರಣವೆಂದರೆ ಬಹುಮಟ್ಟಿಗೆ ಸ್ಪೂಲ್ ಟೇಪೇ. ಕಾಡುಗೊಲ್ಲರ ಜುಂಜಪ್ಪನ ಕಾವ್ಯವನ್ನು ಅಚ್ಚಿನಲ್ಲಿ ಓದುವಾಗ ನಮಗೆ ದೊರೆಯುವುದು ಸಂಪಾದಕರು ಅಣಿಗೊಳಿಸಿದ ಪಾಠ. ಗಣೆಯ ನಾದ, ಹಿಮ್ಮೇಳದ ಸೊಲ್ಲು, ಗಾಯಕ ಉಸಿರು ನಿಲ್ಲಿಸಿದ ಎಡೆ, ಗಡಿಸೀಮೆಯ ಉಚ್ಚಾರಣೆ, ಇವು ಧ್ವನಿಯಲ್ಲಿ ಮಾತ್ರ ಉಳಿಯುತ್ತವೆ. ಗ್ರಂಥಸಂಪಾದನೆಯಲ್ಲಿ ಮೂಲಪ್ರತಿಗೆ ಇರುವ ಸ್ಥಾನವೇ ಮೌಖಿಕ ಕಾವ್ಯದ ಅಧ್ಯಯನದಲ್ಲಿ ಮೂಲ ಮುದ್ರಿಕೆಗೆ ಇದೆ.

ರೀಲಿನ ನಡುವಿನ ನಾಭಿಯೇ ಹಬ್. ಅದರಲ್ಲಿ ಮುಖ್ಯವಾಗಿ ಮೂರು ಬಗೆ. ಮನೆಬಳಕೆಯ 5 ಅಥವಾ 7 ಅಂಗುಲದ ಪ್ಲಾಸ್ಟಿಕ್ ರೀಲಿನ ನಡುವೆ ಸುಮಾರು 8 ಮಿಲಿಮೀಟರಿನ ರಂಧ್ರವೂ ಅದರ ಸುತ್ತ ಮೂರು ಸೀಳುಗಳೂ ಇರುತ್ತವೆ. ಯಂತ್ರದ ಮೂರು ಏಣಿನ ಕದಿರಿಗೆ ಅದು ನೇರವಾಗಿ ಹೊಂದುತ್ತದೆ. ಬಾನುಲಿ ಹಾಗೂ ಸ್ಟುಡಿಯೋಗಳ ಹತ್ತೂವರೆ ಅಂಗುಲದ ರೀಲಿನ ನಡುರಂಧ್ರ ಸುಮಾರು 3 ಅಂಗುಲದಷ್ಟು ಅಗಲ. ಅಮೆರಿಕದ ಪ್ರಸಾರಕರ ಸಂಘದ ಹೆಸರಿನಿಂದ ಇದನ್ನು ಎನ್‌ಎಬಿ ಹಬ್ ಎನ್ನುತ್ತಾರೆ. ಕಿರಿದಾದ ಕದಿರಿಗೂ ಈ ಅಗಲವಾದ ರಂಧ್ರಕ್ಕೂ ನಡುವೆ ಕೂರುವುದೇ ಎನ್‌ಎಬಿ ಅಡಾಪ್ಟರ್. ಮೂರನೆಯದು ಯುರೋಪಿನ ಪ್ರಸಾರ ಕೇಂದ್ರಗಳಲ್ಲಿ ಬಳಕೆಯಲ್ಲಿದ್ದ ಎಇಜಿ ಮಾದರಿ. ಅದಕ್ಕೆ ಪಕ್ಕದ ತಟ್ಟೆಗಳೇ ಇಲ್ಲ. ಅಜಾಗ್ರತೆಯಿಂದ ಎತ್ತಿದರೆ ಸುರುಳಿಯೆಲ್ಲ ಕುಸಿದು ಸಿಕ್ಕಾಗುತ್ತದೆ.

ಅಡಾಪ್ಟರ್ ಹುಡುಕುವ ಮುನ್ನ ಯಂತ್ರವನ್ನೇ ನೋಡಬೇಕು. 7 ಅಂಗುಲಕ್ಕಷ್ಟೇ ಎಡೆಯಿರುವ ಯಂತ್ರಕ್ಕೆ ಅಡಾಪ್ಟರ್ ತಂದು ಫಲವಿಲ್ಲ. ಎರಡು ದೊಡ್ಡ ರೀಲುಗಳು ಅಲ್ಲಿ ಅಕ್ಕಪಕ್ಕ ತಿರುಗಲಾರವು. ಸಾಧಾರಣ ದಪ್ಪದ ಟೇಪು 7 ಅಂಗುಲದ ರೀಲಿನಲ್ಲಿ 1200 ಅಡಿ, ಹತ್ತೂವರೆ ಅಂಗುಲದ ರೀಲಿನಲ್ಲಿ 2500 ಅಡಿ ಹಿಡಿಯುತ್ತದೆ. ಒಂದು ದೊಡ್ಡ ರೀಲನ್ನು ಸಣ್ಣ ರೀಲುಗಳಿಗೆ ಹಂಚಲು ಮೂರು ರೀಲು ಬೇಕು, ಎರಡು ಕಡೆ ಟೇಪನ್ನು ಕತ್ತರಿಸಲೂ ಬೇಕು. ಮೂಲಪ್ರತಿಗೆ ಕತ್ತರಿಯಿಡುವುದಕ್ಕಿಂತ ದೊಡ್ಡ ಯಂತ್ರವಿರುವಲ್ಲಿಗೆ ರೀಲನ್ನು ಒಯ್ಯುವುದೇ ಲೇಸು.

ಯಂತ್ರ ಯೋಗ್ಯವಾಗಿದ್ದರೆ ಅದರ ತಯಾರಕರ ಹೆಸರು, ಮಾದರಿ ಸಂಖ್ಯೆ, ಕದಿರಿನ ವ್ಯಾಸ ಮತ್ತು ಎತ್ತರಗಳನ್ನು ಬರೆದುಕೊಳ್ಳಬೇಕು. ಹಳೆಯ ಧ್ವನಿಯಂತ್ರಗಳನ್ನು ದುರಸ್ತಿ ಮಾಡುವವರು, ನಿವೃತ್ತ ಬಾನುಲಿ ತಂತ್ರಜ್ಞರು, ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಬಿಡಿಭಾಗಗಳ ಪೇಟೆ, ಇವು ವಿಚಾರಿಸತಕ್ಕ ಎಡೆಗಳು. ದೊರೆಯದಿದ್ದರೆ ಅಲ್ಯೂಮಿನಿಯಂ ತುಂಡಿನಿಂದ ಲೇತ್ ಯಂತ್ರದಲ್ಲಿ ಕಡೆಸಬಹುದು. ಯಾವುದಾದರೂ ಒಂದೇ ಜೋಡಿಯಾಗಿರಬೇಕು. ಅಡಾಪ್ಟರ್ ನಡುಬಿಂದುವಿನಿಂದ ಸರಿದಿದ್ದರೆ ರೀಲು ಓಲಾಡಿ ಟೇಪಿನ ಎಳೆತ ಏರಿಳಿಯುತ್ತದೆ, ಸ್ವರವೂ ತೂಗಬಹುದು. ಎತ್ತರ ತಪ್ಪಿದರೆ ಟೇಪಿನ ಅಂಚು ತಟ್ಟೆಗೆ ಉಜ್ಜಿ ಸವೆಯುತ್ತದೆ; ತೆಳುವಾದ ವಾಷರ್ ಇಟ್ಟು ಅದನ್ನು ಸರಿಪಡಿಸಬಹುದು. ಕೆಲವು ಯಂತ್ರಗಳಲ್ಲಿ ರೀಲಿನ ಗಾತ್ರಕ್ಕೆ ತಕ್ಕಂತೆ ಎಳೆತವನ್ನು ಬದಲಿಸುವ ಗುಂಡಿಯಿರುತ್ತದೆ, ಅದನ್ನು ಮರೆಯಬಾರದು. ಮೊದಲ ಪರೀಕ್ಷೆ ಬೆಲೆಯಿಲ್ಲದ ಟೇಪಿನ ಮೇಲೆಯೇ ನಡೆಯಲಿ.

ವೇಗವೂ ಪಾಠಶುದ್ಧಿಯ ಪ್ರಶ್ನೆಯೇ. ಸೆಕೆಂಡಿಗೆ 19 ಸೆಂಟಿಮೀಟರ್ ವೇಗದಲ್ಲಿ ಮುದ್ರಿಸಿದ್ದನ್ನು ಒಂಬತ್ತೂವರೆಯಲ್ಲಿ ನುಡಿಸಿದರೆ ಹಾಡು ಇಮ್ಮಡಿ ಕಾಲ ನಡೆದು, ಧ್ವನಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಟೇಪು ಹುಳಿವಾಸನೆ ಬೀರುತ್ತಿದ್ದರೆ ಅಥವಾ ಅಂಟಂಟಾಗಿದ್ದರೆ ನುಡಿಸಲೇಬಾರದು. ಅಂಥದನ್ನು ಧ್ವನಿ ಸಂಗ್ರಹಾಲಯದ ಪರಿಣತರಿಗೆ ಒಪ್ಪಿಸಬೇಕು. 1982ರಲ್ಲಿ ಸ್ಥಾಪನೆಯಾಗಿ ಈಗ ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತದ ಸಂಗ್ರಹ ಮತ್ತು ಸಂಶೋಧನಾ ಕೇಂದ್ರ ಇಂತಹ ಸಂಸ್ಥೆ.

ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಕನ್ನಡ ಸಂಸ್ಥೆಗಳು ಗಡಿಯ ಆಚೆ ಉಳಿದವು, ಹಾಡುವವರು ಈಚೆಯೂ ಉಳಿದರು. ಆದುದರಿಂದ ಇಲ್ಲಿಯ ಮನೆ, ಮಠ, ಶಾಲೆಗಳ ಅಟ್ಟದಲ್ಲಿ ರೀಲು ಕಂಡರೆ ಅದನ್ನು ಹಳೆಯ ಸಾಮಾನೆಂದು ಮಾರಲು ಬಿಡಬಾರದು. ಡಬ್ಬಿಯ ಮೇಲಿನ ಬರಹವನ್ನು ಇದ್ದಂತೆಯೇ ನಕಲು ಮಾಡಿ, ಹಾಡಿದವರ ಹೆಸರು, ಊರು, ಕಾಲಗಳನ್ನು ಹಿರಿಯರಿಂದ ಕೇಳಿ ಗುರುತು ಹಾಕಿ, ಹಬ್ಬಿನ ರಂಧ್ರವನ್ನು ಅಳೆದಿಡಬೇಕು. ಅಡಾಪ್ಟರ್ ತಡವಾಗಿ ದೊರೆತರೂ ನಡೆದೀತು. ಗುರುತು ಹೇಳಬಲ್ಲ ಹಿರಿಯರು ಮಾತ್ರ ಅಷ್ಟು ಕಾಲ ನಮಗಾಗಿ ಕಾದಿರಲಾರರು.