ರೋಗ ಬರುವ ಮುನ್ನ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆರೋಗ್ಯದ ವಿಷಯದಲ್ಲಿ ನಮ್ಮಲ್ಲಿ ಬಹು ಜನರ ನಡತೆ ಈ ಗಾದೆಗೆ ತಕ್ಕಂತೆಯೇ ಇದೆ. ಜ್ವರ ಬಂದ ಮೇಲೆ ಗುಳಿಗೆ, ಹಾಸಿಗೆ ಹಿಡಿದ ಮೇಲೆ ದವಾಖಾನೆ, ದವಾಖಾನೆ ಸೇರಿದ ಮೇಲೆ ಸಾಲ. ಬಂದ ರೋಗವನ್ನು ವಾಸಿಮಾಡುವುದು ಚಿಕಿತ್ಸೆ. ರೋಗವೇ ಬಾರದಂತೆ ನೋಡಿಕೊಳ್ಳುವುದು ಪ್ರತಿಬಂಧಕ ವೈದ್ಯ. ಈ ಎರಡನೆಯದರ ಶಕ್ತಿ ಎಷ್ಟೆಂಬುದಕ್ಕೆ ನಮ್ಮ ಮನೆಯಲ್ಲಿಯೇ ಒಂದು ಗುರುತುಂಟು.

ನಮ್ಮ ಅಜ್ಜಿ ವಿಜಯಪುರ ಜಿಲ್ಲೆಯಿಂದ ಅಂಕಲಗಿಗೆ ಸೊಸೆಯಾಗಿ ಬಂದವಳು. ಅವಳ ಎಡಗಾಲ ಹರಡಿನ ಮೇಲೆ ರೂಪಾಯಿಯಗಲದ ಒಂದು ಕಲೆಯಿದೆ. ಬಾಲ್ಯದಲ್ಲಿ ಅವಳಿಗಾಗಿದ್ದ ನಾರುಹುಣ್ಣಿನ ಕಲೆಯದು. ಕಾಲಿನಿಂದ ಹೊರಬಂದ ಹುಳುವನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಬೆರಳಿನಷ್ಟು ಎಳೆಯುತ್ತಿದ್ದರಂತೆ. ಅವಸರದಿಂದ ಎಳೆದರೆ ಹುಳು ಹರಿದು ಕಾಲು ಬಾತು ಕೀವಾಗುತ್ತಿತ್ತು. ಸುಗ್ಗಿಯ ಕಾಲಕ್ಕೆ ಮನೆಮಂದಿಯೆಲ್ಲ ಹೀಗೆ ಮಲಗಿದರೆ ಬೆಳೆ ಹೊಲದಲ್ಲಿಯೇ ಉಳಿಯುತ್ತಿತ್ತು.

ಈ ರೋಗದ ರೀತಿ ವಿಚಿತ್ರವಾದುದು. ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜೀವಿ ಇರುತ್ತದೆ. ನಾರುಹುಳುವಿನ ಮರಿಗಳು ಅದರ ಹೊಟ್ಟೆ ಸೇರುತ್ತವೆ. ಆ ನೀರನ್ನು ಕುಡಿದವನ ದೇಹದಲ್ಲಿ ಸುಮಾರು ಒಂದು ವರ್ಷ ಬೆಳೆದು, ಒಂದು ಮೀಟರಿನಷ್ಟು ಉದ್ದವಾಗಬಲ್ಲ ಹೆಣ್ಣು ಹುಳು, ಹೆಚ್ಚಾಗಿ ಕಾಲಿನ ಚರ್ಮವನ್ನು ಸೀಳಿ ಹೊರಗೆ ಬರುತ್ತದೆ. ಉರಿ ತಾಳಲಾರದೆ ರೋಗಿ ಮೆಟ್ಟಿಲುಬಾವಿಗಿಳಿದು ಕಾಲು ಅದ್ದುತ್ತಾನೆ. ಆಗ ಹುಳು ಸಾವಿರಾರು ಮರಿಗಳನ್ನು ಅದೇ ನೀರಿಗೆ ಬಿಡುತ್ತದೆ. ಅದೇ ನೀರನ್ನು ಊರು ಕುಡಿಯುತ್ತದೆ.

ಇದಕ್ಕೆ ಲಸಿಕೆ ಇರಲಿಲ್ಲ, ಇಂದಿಗೂ ಇಲ್ಲ. ಹುಳುವನ್ನು ಕೊಲ್ಲುವ ಔಷಧವೂ ಇಲ್ಲ. ಆದರೂ ನಮ್ಮ ದೇಶ ಇದನ್ನು ಗೆದ್ದಿತು. ಹೇಗೆ? ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದನ್ನು ಕಲಿಸಿದರು. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾಡಿದರು. ಕೊಳವೆಬಾವಿ ಕೊರೆಸಿದರು. ಹುಣ್ಣಾದವರು ನೀರಿಗಿಳಿಯದಂತೆ ನೋಡಿಕೊಂಡರು. 1983ರ ಸುಮಾರಿಗೆ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ, ಈ ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಭಾರತದ ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು. 1980ರ ದಶಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಲಕ್ಷಾಂತರ ಜನರನ್ನು ಕಾಡುತ್ತಿದ್ದ ಈ ರೋಗ 2024ರಲ್ಲಿ ಕೇವಲ 15 ಜನರಲ್ಲಿ ಕಂಡುಬಂದಿತು. ಔಷಧವಿಲ್ಲದ ರೋಗವನ್ನು ಗೇಣುದ್ದದ ಅರಿವೆ ಸೋಲಿಸಿತೆಂದರೆ ತಪ್ಪಾಗದು.

ಇಷ್ಟು ದೊಡ್ಡ ಗೆಲುವನ್ನು ನಾವು ಏಕೆ ನೆನೆಯುವುದಿಲ್ಲ? ವಾಸಿಯಾದ ರೋಗಿ ವೈದ್ಯರಿಗೆ ಕೈಮುಗಿಯುತ್ತಾನೆ. ರೋಗವೇ ಬಾರದವನು ಯಾರಿಗೆ ಕೈಮುಗಿಯಬೇಕು? ಪ್ರತಿಬಂಧಕ ವೈದ್ಯದ ಫಲ ಕಣ್ಣಿಗೆ ಕಾಣದು. ಅದಕ್ಕಾಗಿಯೇ ಅದರ ಬಗ್ಗೆ ನಮಗೆ ಉದಾಸೀನ.

ಆ ಉದಾಸೀನದ ಬೆಲೆಯನ್ನೂ ನಮ್ಮ ಮನೆ ತೆತ್ತಿದೆ. ನಮ್ಮ ತಂದೆ ಕಬ್ಬು ಕಡಿಯುವ ಕೆಲಸದವರು. "ರಕ್ತದೊತ್ತಡ ನೋಡಿಸ್ಕೊಂಡು ಬಾರೋ" ಎಂದು ಅಜ್ಜಿ ಹೇಳಿದಾಗಲೆಲ್ಲ ಅವರು, "ಬ್ಯಾನಿ ಇಲ್ಲ, ಬ್ಯಾಸರಕಿ ಇಲ್ಲ, ದವಾಖಾನಿಗೆ ಯಾಕ ಹೋಗ್ಲಿ? ಒಂದ ದಿನದ ಪಗಾರ ಹೊಕ್ಕೈತಿ" ಎನ್ನುತ್ತಿದ್ದರು. ಎರಡು ವರ್ಷಗಳ ಹಿಂದೆ ಹೊಲದಲ್ಲಿಯೇ ಕುಸಿದು ಬಿದ್ದರು. ಪಾರ್ಶ್ವವಾಯು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಒಂದು ಎಕರೆ ಒತ್ತೆ ಬಿದ್ದಿತು, ತಂಗಿಯ ಓದು ನಿಂತಿತು. ಉಳಿಸಿದ ಪಗಾರ ಒಂದು ದಿನದ್ದು; ಕಳೆದುಕೊಂಡ ಪಗಾರಕ್ಕೆ ಲೆಕ್ಕವಿಲ್ಲ.

ಅಜ್ಜಿಯ ಕಾಲದ ರೋಗವನ್ನು ಅರಿವೆಯಿಂದ ಸೋಸಬಹುದಾಗಿತ್ತು. ನಮ್ಮ ಕಾಲದ ರಕ್ತದೊತ್ತಡ, ಮಧುಮೇಹಗಳನ್ನು ಸೋಸುವ ಅರಿವೆ ಯಾವುದು? ಅದು ತಪಾಸಣೆ. ಈ ರೋಗಗಳು ಬಹುಕಾಲ ನೋವು ಕೊಡುವುದಿಲ್ಲ. ಅಳೆದು ನೋಡಿದ ಹೊರತು ತಿಳಿಯುವುದಿಲ್ಲ. ಒತ್ತಡವು ಮತ್ತೆ ಮತ್ತೆ ಅಳೆದಾಗಲೂ 140/90ಕ್ಕೆ ಮುಟ್ಟಿದರೆ ಅಥವಾ ಮೀರಿದರೆ ವೈದ್ಯರ ಸಲಹೆ ಅವಶ್ಯ. ಮೂವತ್ತು ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತ. ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚೆಯೊಳಗೆ, ಇರಬೇಕು. ತಂಬಾಕು ಬೇಡವೇ ಬೇಡ.

ಮನೆಯಲ್ಲಿ ಮೊದಲು ಪದವಿಯ ಹೊಸ್ತಿಲು ತುಳಿದವರು ನಮ್ಮಲ್ಲಿ ಅನೇಕರಿದ್ದೇವೆ. ನಮ್ಮ ಓದಿಗಾಗಿ ದುಡಿದು ಸವೆದ ದೇಹಗಳು ಮನೆಯಲ್ಲಿವೆ. ಬರುವ ರಜೆಯಲ್ಲಿ ಊರಿಗೆ ಹೋದಾಗ ತಂದೆಯವರನ್ನೋ ತಾಯಿಯವರನ್ನೋ ಕೈಹಿಡಿದು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗೋಣ. ಅವರು ಬೇಡವೆಂದರೂ ಬಿಡದಿರೋಣ. ನಾನು ಬಿಟ್ಟಿದ್ದೆ.